ತಿರುವಿಗೆ ಬಗ್ಗದ ಗಾಡಿ

ಬಂಡಳ್ಳಿಯ ಪುಟ್ಟಬಸಪ್ಪನ ಬೈಕಿಗೆ ನೇರ ರಸ್ತೆಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಕೊಳ್ಳೇಗಾಲದಿಂದ ಹನೂರಿಗೆ ಮೇವು ಕಂಡ ಎತ್ತಿನ ಹಾಗೆ ಓಡುತ್ತಿತ್ತು. ಯಳಂದೂರಿನ ಕಡೆಗೂ ತಕರಾರಿಲ್ಲ. ಆದರೆ ತಾಳಬೆಟ್ಟ ದಾಟಿ ಮಾದೇಶ್ವರನ ಬೆಟ್ಟದ ತಿರುವು ಶುರುವಾಯಿತೋ, ಕಥೆ ಮುಗಿಯಿತು. ಹ್ಯಾಂಡಲ್ಲು ಅದುರುತ್ತಿತ್ತು. ಹಿಂದಿನ ಚಕ್ರ ಬೇರೆ ಪಕ್ಷ ಸೇರಿದಂತೆ ಜಾರುತ್ತಿತ್ತು. ತಿರುಗಬೇಕಾದ ಕಡೆ ತಿರುಗದೆ ಗಾಡಿ ಕಮರಿ ನೋಡಲು ಹೊರಡುತ್ತಿತ್ತು.

ಮೂವತ್ತೈದು ವರ್ಷ ಹೆಗಲಿಗೆ ಹಸಿರು ಟವೆಲ್ ಹಾಕಿ, ಕಚೇರಿಗಳ ಮುಂದೆ ಕೂತು, ಲಾಠಿಗೆ ಬೆನ್ನು ಕೊಟ್ಟು, ಯಾವ ಸಾಹೇಬನಿಗೂ ತಲೆ ಬಾಗದ ಪುಟ್ಟಬಸಪ್ಪನಿಗೆ ಈ ಕಬ್ಬಿಣದ ಮುಂದೆ ಸೋಲು. (ಸಾಹೇಬರಾದರೆ ವರ್ಗವಾಗಿ ಹೋಗುತ್ತಾರೆ. ಬೈಕು ಎಲ್ಲಿಗೆ ಹೋಗುತ್ತದೆ?)

ಹೆಂಡತಿ ಶಂಕರಮ್ಮನ ತಂಗಿ ಯಶೋದ ಬೆಟ್ಟದ ಮೇಲೆ ಕಾಯಿ ಅಂಗಡಿ ಇಟ್ಟಿದ್ದಾಳೆ. ಅಮಾವಾಸ್ಯೆಯ ಜಂಗುಳಿಗೆ ಒಬ್ಬಳ ಕೈ ಸಾಲದೆಂದು ಅಕ್ಕ ತಿಂಗಳು ತಿಂಗಳು ಹೋಗುತ್ತಾಳೆ. ಪುಟ್ಟಬಸಪ್ಪ ಅಂಗಡಿಯವರೆಗೆ ಬಿಟ್ಟು ಹಾಗೇ ವಾಪಸ್ಸು. ದೇವರಿಗೆ ಒಡೆಯುವ ಕಾಯಿಯನ್ನೆಲ್ಲ ಚಟ್ನಿಗೆ ಹಾಕಿದ್ದರೆ ಈ ನಾಡು ಎಂದೋ ಉದ್ಧಾರವಾಗುತ್ತಿತ್ತು ಎಂದು ಸಭೆ ಸಭೆಯಲ್ಲಿ ಗುಡುಗಿದವನು ಗುಡಿಯೊಳಗೆ ಕಾಲಿಡುತ್ತಾನೆಯೇ? ಹೋದ ಅಮಾವಾಸ್ಯೆಗೆ ಹಾಗೆ ಹೋಗುವಾಗ ಮೂರನೇ ತಿರುವಿನಲ್ಲಿ ಗಾಡಿ ಮಲಗಿತು. ಅವನ ಮಂಡಿ ತರಚಿತು. ಶಂಕರಮ್ಮನ ಎಡಗೈ ಮುರಿಯಿತು.

ಅಂದಿನಿಂದ ಮುದ್ದೆ ತೊಳಸುವ ಪಾಳಿ ಅವನದು. ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಶಂಕರಮ್ಮ ಗೋಡೆಗೊರಗಿ ಕೂರುತ್ತಾಳೆ.

“ಗಂಟು ಕಟ್ತಾ ಅದೆ ಕಣ್ರಿ.”

“ಕಟ್ಲಿ. ಗಂಟಿಲ್ದಿರೋ ಬಾಳು ಯಾರ್ದದೆ?”

“ಭಾಸಣ ಬ್ಯಾಡಿ. ಕೋಲಾಡ್ಸಿ.”

ಗಂಟು ಮುದ್ದೆಯನ್ನೇ ಇಬ್ಬರೂ ನುಂಗುತ್ತಿದ್ದರು. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹಾಗಾಗಿ ತಪ್ಪು ಗಾಡಿಯದೇ ಆಗಬೇಕಿತ್ತು.

ಕೊಳ್ಳೇಗಾಲದ ಮೆಕ್ಯಾನಿಕ್ ದೇವರಾಜು ಮೊದಲು ಗಾಳಿ ನೋಡಿದ. ಆಮೇಲೆ ಹ್ಯಾಂಡಲ್ಲಿನ ಕೋನ್‌ಸೆಟ್ ಬದಲಾಯಿಸಿದ. ಮುಂದಿನ ಫೋರ್ಕಿನ ಆಯಿಲ್ ಚೆಲ್ಲಿ ಹೊಸದು ಹಾಕಿದ. ಹಿಂದಿನ ಚಕ್ರದ ಬುಷ್ ಕಿತ್ತ, ಅಲೈನ್‌ಮೆಂಟ್ ಸರಿಮಾಡಿದ, ಕೊನೆಗೆ ಟೈರನ್ನೇ ಬದಲಾಯಿಸಿದ. ಪ್ರತಿ ಸಲವೂ ಪೇಟೆಯ ಸಂದಿಗೊಂದಿ ಸುತ್ತಿ ಬಂದು, “ಎಣ್ಣೆ ಸವರ್ದಂಗೆ ತಿರುಗ್ತದೆ ಕಣಣ್ಣ,” ಅನ್ನುತ್ತಿದ್ದ. ಪ್ರತಿ ಸಲವೂ ಪುಟ್ಟಬಸಪ್ಪ ಬೆಟ್ಟದ ರಸ್ತೆಗೆ ಹೋಗಿ, ಬಿಳಿಚಿಕೊಂಡು ವಾಪಸ್ಸು ಬರುತ್ತಿದ್ದ.

“ನಿಂಗೆ ತಿರುಗ್ತದೆ, ನಂಗೆ ತಿರುಗಲ್ಲ. ಇದುಕ್ಕೆ ತಾರತಮ್ಯ ಅಂತಾರೆ ಕಣ್ಲಾ!”

“ಗಾಡಿಗೇನ್ ಗೊತ್ತಣ್ಣ ತಾರತಮ್ಯ?”

“ಕಲಿಸ್ದೋನಿಗೆ ಗೊತ್ತಿರ್ತದೆ. ನೀನ್ ಆಕಿರೋದೆಲ್ಲ ಡೂಪ್ಲಿಕೇಟ್ ಸಾಮಾನು!”

ಮರುದಿನವೇ ಕರಪತ್ರ ಹೊರಟಿತು: ‘ತಿರುವಿನಲ್ಲಿ ಮಹಾದ್ರೋಹ! ಸೋಮವಾರ ಗ್ಯಾರೇಜಿನ ಮುಂದೆ ಅನಿರ್ದಿಷ್ಟಾವಧಿ ಧರಣಿ.’ ಒಂದು ಕಾಲದಲ್ಲಿ ಅವನು ಕೂಗಿದರೆ ನಾಲ್ಕು ಲಾರಿ ಜನ ಬರುತ್ತಿದ್ದರು. ಈಗ ಒಪ್ಪಿದವರು ನಾಲ್ಕೇ ಜನ. ಅದರಲ್ಲಿ ಇಬ್ಬರಿಗೆ ಮಂಡಿನೋವು, ನೆಲದ ಮೇಲೆ ಕೂರಲಾರರು. ಒಬ್ಬನಿಗೆ ಕಿವಿ ಕೇಳದು, ಧಿಕ್ಕಾರ ಕೂಗಬೇಕಾದಲ್ಲಿ ಜಯವಾಗಲಿ ಅನ್ನುತ್ತಾನೆ. ಜನ ಸಾಲದಿದ್ದರೆ ಸಾಕ್ಷಿಯಾದರೂ ಗಟ್ಟಿ ಬೇಕು.

“ಸೋಮವಾರ ನೀನೂ ಬರ್ಬೇಕು. ಮುರ್ದ ಕೈಯ ಜನುಕ್ಕೆ ತೋರ್ಸಿ, ಇದು ಆ ಗಾಡಿಯಿಂದ ಆಗಿದ್ದು ಅಂತ ಮೈಕಲ್ಲಿ ಏಳ್ಬೇಕು,” ಅಂದ.

ಶಂಕರಮ್ಮನ ಮುಖ ಕಪ್ಪಿಟ್ಟಿತು. “ನಾನೊಲ್ಲೆ.”

“ಯಾಕೆ? ಬಿದ್ದಿದ್ದು ಸುಳ್ಳಾ?”

“ಬಿದ್ದಿದ್ದು ದಿಟ.”

“ಮತ್ತೆ?”

“ಸುಮ್ಕಿರಿ ಅತ್ಲಾಗೆ,” ಎಂದು ಎದ್ದು ಹಿತ್ತಲಿಗೆ ಹೋದಳು. ಗಂಡನ ಹೋರಾಟಗಳಿಗೆ ಅಷ್ಟು ವರ್ಷ ಬುತ್ತಿ ಕಟ್ಟಿದ ಹೆಂಗಸು ಈಗ ಸಾಕ್ಷಿಗೆ ಹಿಂಜರಿದದ್ದು ಪುಟ್ಟಬಸಪ್ಪನಿಗೆ ಮುದ್ದೆಯ ಗಂಟಿಗಿಂತ ಗಟ್ಟಿಯಾಗಿ ಎದೆಯಲ್ಲಿ ಸಿಕ್ಕಿಕೊಂಡಿತು.

ಭಾನುವಾರ ಬೆಳಿಗ್ಗೆ ದೇವರಾಜುವೇ ಮನೆಗೆ ಬಂದ.

“ಅಣ್ಣ, ನಾಳೆ ಬೇಕಾದ್ರೆ ಧಿಕ್ಕಾರ ಕೂಗು. ಇವತ್ತು ಒಂದ್ ಸಲ ನೀನು ಓಡ್ಸು, ನಾನು ಹಿಂದ್ಗಡೆ ಕೂತ್ಕತೀನಿ.”

ಶತ್ರುವೇ ಸಾಕ್ಷಿಯಾಗಿ ಹಿಂದೆ ಕೂರುತ್ತೇನೆಂದರೆ ಯಾವ ಹೋರಾಟಗಾರ ಬೇಡವೆಂದಾನು? ಇಬ್ಬರೂ ಹೊರಟರು. ತಾಳಬೆಟ್ಟ ದಾಟಿತು. ಮೊದಲ ತಿರುವಿನಲ್ಲಿ ಒಂದು ಕಲ್ಲು, ಕಲ್ಲಿಗೆ ವಿಭೂತಿ, ಮೇಲೆರಡು ಒಣಗಿದ ಹೂವು. ಗಾಡಿ ಅದುರಿತು, ತೊನೆಯಿತು, ಕಮರಿಯ ಕಡೆ ಮೂತಿ ಮಾಡಿತು.

“ನಿಲ್ಸಣ್ಣ! ನಿಲ್ಸು!” ದೇವರಾಜು ಜಿಗಿದಿಳಿದ.

“ನೋಡ್ದಾ? ಈಗೇನಂತೀಯ?”

“ಬಲಗೈ ಎಲ್ಲಿಗೋಗಿತ್ತು?”

“ಯಾವ ಬಲಗೈ?”

“ನಿಂದೇ ಕಣಣ್ಣ. ಆಕ್ಸಿಲರೇಟರ್ ಬಿಟ್ಟು ಎದೆಗೋಯ್ತು, ಹಣೆಗೋಯ್ತು, ತಿರುಗ್ಬಂತು. ಅಷ್ಟ್ರಲ್ಲಿ ಗಾಡಿ ಒಂಟಿ ಕೈಲಿತ್ತು.”

“ಏಯ್! ನಾನು ಕೈ ಮುಗಿಯೋನಾ? ಯಾರ್‌ಗೇಳ್ತಿದ್ದೀಯ ಕಣ್ಲಾ?”

“ಮುಂದಿನ ತಿರುವಲ್ಲಿ ನೀನೇ ನೋಡ್ಕೊ.”

ಮುಂದಿನ ತಿರುವಿನಲ್ಲೂ ಒಂದು ಕಲ್ಲು. ಪುಟ್ಟಬಸಪ್ಪ ರಸ್ತೆಯನ್ನು ಬಿಟ್ಟು ತನ್ನ ಬಲಗೈಯನ್ನೇ ನೋಡುತ್ತ ಹೋದ. ಕಲ್ಲು ಹತ್ತಿರ ಬರುತ್ತಿದ್ದಂತೆ ಆ ಕೈ, ಅಪ್ಪಣೆ ಕೇಳದೆ, ಸಭೆಯಲ್ಲಿ ಚರ್ಚಿಸದೆ, ಠರಾವು ಮಂಡಿಸದೆ, ಮೆಲ್ಲಗೆ ಎದ್ದು ಎದೆ ಮುಟ್ಟಿ ಹಣೆ ಮುಟ್ಟಿ ತಣ್ಣಗೆ ಹ್ಯಾಂಡಲ್ಲಿಗೆ ಬಂದು ಕೂತಿತು. ಗಾಡಿ ಮೋರಿಗೆ ಒಂದು ಗೇಣು ದೂರದಲ್ಲಿ ನಿಂತಿತು.

ಇಬ್ಬರೂ ಮೋರಿಕಟ್ಟೆಯ ಮೇಲೆ ಕೂತರು. ಪುಟ್ಟಬಸಪ್ಪ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿದ. ಯಾರದೋ ಕೈ ಇದ್ದಂತಿತ್ತು.

“ಇದುಕ್ಕೆ ಸಾಮಾನು ಸಿಕ್ಕಲ್ಲಣ್ಣ,” ಅಂದ ದೇವರಾಜು, ನಗದೆ.

“ಯಾರ್‌ಗೂ ಏಳ್ಬ್ಯಾಡ ಕಣಪ್ಪ.”

“ಏಳಲ್ಲ. ಧರಣಿ ಎತ್ತು.”

ಚರಿತ್ರೆಯಲ್ಲಿ ಮೊದಲ ಸಲ ಒಂದು ಅನಿರ್ದಿಷ್ಟಾವಧಿ ಧರಣಿ ಶುರುವಾಗುವ ಹಿಂದಿನ ದಿನವೇ ಮುಗಿಯಿತು.

ಮನೆಗೆ ಬಂದು, “ರಾಜಿ ಆಯ್ತು,” ಅಂದ.

“ತಿರುವಲ್ಲಿ ಕೈ ಬುಡ್ತೀರಿ ಅಂತ ದೇವರಾಜು ಏಳುದ್ನಾ?” ಕೇಳಿದಳು ಶಂಕರಮ್ಮ.

ಪುಟ್ಟಬಸಪ್ಪ ಕಂಬ ಹಿಡಿದುಕೊಂಡ. “ನಿಂಗೊತ್ತಿತ್ತಾ?”

“ಹನ್ನೆರಡು ವರ್ಸದಿಂದ ನಿಮ್ಮ ಹಿಂದೇನೇ ಕೂತಿವ್ನಿ. ಗೊತ್ತಿರಲ್ವಾ? ಅವನ್ನ ಕರ್ಸ್ದೋಳೂ ನಾನೇ. ಸುಳ್ಳೇಳಕ್ಕಾಗಲ್ಲ, ಜನದ ಮುಂದೆ ನಿಮ್ಮ ಮಾನ ಕಳ್ಯಕ್ಕೂ ಆಗಲ್ಲ.”

“ನಂಗೇ ಏಳ್ಬೋದಿತ್ತಲ್ಲ! ಕೈ ಮುರ್ಕಂಡೆಯಲ್ಲೇ!”

“ಏಳುದ್ರೆ ನಿಲ್ಲುಸ್ಬುಡ್ತಿದ್ರಿ. ಮನೇಲಿ ಒಂದು ಊದ್‌ಬತ್ತಿ ಅಚ್ಚಕ್ಕೆ ಬುಡ್ದ ಮನ್ಸ. ತಿಂಗ್ಳಿಗೊಂದ್ ದಿನ ಆ ಕೈಯಾದ್ರೂ ಏಳ್ತದಲ್ಲ ಅಂತ ಕಣ್ ತುಂಬ ನೋಡ್ಕಂಡು ಓಯ್ತಿದ್ದೆ. ಮೂಳೆ ಮುರೀತು, ಕೂಡ್ಕತದೆ ಬುಡಿ.”

ಪುಟ್ಟಬಸಪ್ಪ ಹೆಗಲ ಹಸಿರು ಟವೆಲ್ ತೆಗೆದು ಮುಖ ಒರೆಸಿಕೊಂಡ.

ಶಂಕರಮ್ಮ ಎದ್ದು, ಅಕ್ಕಿ ಡ್ರಮ್ಮಿನ ಹಿಂದೆ ಕೈ ಹಾಕಿ, ಹಳೇ ಸೀರೆಯ ತುಂಡು ಬಿಚ್ಚಿದಳು. ಒಳಗೆ ಹುಲಿಯೇರಿದ ಮಾದಪ್ಪನ ಪಟ. ಮದುವೆಯಾದ ವರ್ಷದಿಂದ ಅದೇ ಮನೆಯಲ್ಲಿ ಭೂಗತನಾಗಿದ್ದ ದೇವರು. ಒಂದೇ ಕೈಯಲ್ಲಿ ಗೋಡೆಯ ಮೊಳೆಗೆ ನೇತುಹಾಕಿದಳು. ವಿಭೂತಿ ಇಟ್ಟಳು.

“ಇನ್ನೇನ್ ಮುಚ್ಚುಮರೆ? ಬನ್ನಿ, ಕೈ ಮುಗೀರಿ.”

ಪುಟ್ಟಬಸಪ್ಪ ಪಟದ ಮುಂದೆ ನಿಂತ. ಸೋತವನಿಗೆ ಷರತ್ತು ಹಾಕುವ ಹಕ್ಕಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಆಕೆಯ ಮುರಿದ ಕೈಯ ಮುಖ ನೋಡಿಯಾದರೂ ಮುಗಿಯೋಣವೆಂದು ಮನಸ್ಸು ಮಾಡಿದ. ಆದರೆ ಬಲಗೈ ಸೊಂಟದ ಪಕ್ಕದಲ್ಲಿ ಕಲ್ಲುಕಂಬದ ಹಾಗೆ ಇಳಿಬಿದ್ದಿತ್ತು. ಹಲ್ಲು ಕಚ್ಚಿದ, ಭುಜ ಕುಲುಕಿದ, ಎಡಗೈಯಿಂದ ಎತ್ತಿ ನೋಡಿದ. ಏಳಲೊಲ್ಲದು.

ಶಂಕರಮ್ಮ ಬಾಗಿಲಾಚೆ ನಿಂತಿದ್ದ ಬೈಕಿನ ಕಡೆ ನೋಡಿದಳು.

“ಗಾಡಿಯ ಒಳೀಕೆ ತಳ್ಕಂಡ್ ಬರ್ಲಾ?”