ದೊಡ್ಡವ್ವನ ಮೂರು ನಿಮಿಷ

ಕುಡಿತದ ಚಟ ಹತ್ತಿದವನಿಗೆ ಒಂದು ಅನುಕೂಲವಿದೆ. ಅವನು ತೂರಾಡುತ್ತಾನೆ, ಬಾಯಿ ವಾಸನೆ ಬರುತ್ತದೆ, ಹೆಂಡತಿ ಬೈಯುತ್ತಾಳೆ, ಓಣಿಯ ಮಂದಿ ಆಡಿಕೊಳ್ಳುತ್ತಾರೆ. ಹೀಗಾಗಿ ತನಗೊಂದು ಚಟವಿದೆ ಎಂಬುದು ಅವನಿಗೂ ಗೊತ್ತಿರುತ್ತದೆ. ಭಕ್ತಿಯ ಹೆಸರಿನಲ್ಲಿ ಫೋನಿನ ಚಟ ಹತ್ತಿಸಿಕೊಂಡವನ ಕಥೆ ಹಾಗಲ್ಲ. ಅವನು ಬೆಳಗ್ಗೆ ಐದಕ್ಕೇ ಎದ್ದು ಕೂತಿರುತ್ತಾನೆ. ತಲೆ ಬಾಗಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ತುಟಿಯ ಮೇಲೆ ಒಂದು ನಗೆ ಇರುತ್ತದೆ. ನೋಡಿದವರು ಎಂಥ ದೈವಭಕ್ತ ಎಂದು ತಮ್ಮ ಮಕ್ಕಳಿಗೆ ತೋರಿಸುತ್ತಾರೆ. ರಾಯಚೂರಿನ ನಮ್ಮ ಓಣಿಯಲ್ಲಿ ಹಾಗೆ ತೋರಿಸಿಕೊಂಡ ಮಹಾನುಭಾವ ನಾನೇ.

ನನ್ನ ಹೆಸರು ಪ್ರಭುದಾಸ. ಮಾನ್ವಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇದು ಹೊಟ್ಟೆಪಾಡಿನ ಮಾತಾಯಿತು. ನನ್ನ ನಿಜವಾದ ಹುದ್ದೆ ವಾಟ್ಸಾಪಿನಲ್ಲಿತ್ತು. ನಮ್ಮ ಚರ್ಚಿನ ಸಭೆಯ ಮಂದಿಗಾಗಿ ನಾನೊಂದು ಗುಂಪು ಮಾಡಿದ್ದೆ. ದಿನಾ ಬೆಳಗ್ಗೆ ಬೈಬಲಿನ ಒಂದು ವಾಕ್ಯ ಆರಿಸಿ, ಅದನ್ನು ಸೂರ್ಯೋದಯದ ಚಿತ್ರದ ಮೇಲೆ ಬಣ್ಣದ ಅಕ್ಷರದಲ್ಲಿ ಕೂರಿಸಿ, ಎಲ್ಲರಿಗೂ ಕಳಿಸುವುದು ನನ್ನ ಸೇವೆ. ಅಸಲು ಸೂರ್ಯ ಅದೇ ಹೊತ್ತಿಗೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಹುಟ್ಟುತ್ತಿರುತ್ತಿದ್ದ. ನಾನು ಅವನ ಕಡೆ ಬೆನ್ನು ಹಾಕಿ ಯಾವುದೋ ದೇಶದ ಸಮುದ್ರದ ಮೇಲಿನ ಸೂರ್ಯನನ್ನು ಹುಡುಕುತ್ತಿದ್ದೆ. ಕಳಿಸಿದ ಮೇಲೆ ಸುಮ್ಮನಿರಲು ಸಾಧ್ಯವೇ? ಯಾರು ನೋಡಿದರು, ಯಾರು ಆಮೆನ್ ಹಾಕಿದರು, ಯಾರು ನೋಡಿಯೂ ಹಾಕಲಿಲ್ಲ ಎಂಬ ವಿಚಾರಣೆ ಮಾನ್ವಿ ಮುಟ್ಟುವ ತನಕ ನಡೆಯುತ್ತಿತ್ತು. ದೇವರ ವಾಕ್ಯಕ್ಕೆ ಉತ್ತರ ಕೊಡದವರ ಮೇಲೆ ದೇವರಿಗಿಂತ ಹೆಚ್ಚು ಸಿಟ್ಟು ನನಗೇ ಬರುತ್ತಿತ್ತು. ವಾಕ್ಯದಿಂದ ಹಾಡಿಗೆ, ಹಾಡಿನಿಂದ ಅಡುಗೆಗೆ, ಅಡುಗೆಯಿಂದ ಯಾರೋ ಎಲ್ಲೋ ಜಾರಿಬಿದ್ದ ವಿಡಿಯೋಗಳಿಗೆ ಹೆಬ್ಬೆರಳು ತಾನೇ ಜಾರುತ್ತಿತ್ತು. ಆ ಹೊತ್ತಿಗೆ ಮಾನ್ವಿಗೆ ಮುಂಚಿನ ಊರಾದ ನೀರಮಾನ್ವಿ ಬಂದಿರುತ್ತಿತ್ತು.

ಹೆಂಡತಿ ಕರುಣಾ ಮೊದಮೊದಲು ಚಹಾ ತಂದಿಟ್ಟು ಕರೆಯುತ್ತಿದ್ದಳು. ಆಮೇಲೆ ಆರಿದ ಚಹಾವನ್ನೇ ತಂದಿಡತೊಡಗಿದಳು, ಹೇಗೂ ಆರುತ್ತದಲ್ಲ ಎಂದು. ಒಮ್ಮೆ ಮಾತ್ರ ಸೊಪ್ಪು ಸೋಸುತ್ತಾ ತಲೆ ಎತ್ತದೆ ಹೇಳಿದಳು: "ಪರಲೋಕದಾಗ ನೆಟ್‌ವರ್ಕ್ ಇಲ್ಲಂದ್ರ ನೀವು ಹೊಸ್ತಿಲದಾಗಿಂದನ ವಾಪಸ್ ಬರ್ತೀರಿ ನೋಡ್ರಿ." ನಾನು ಇದನ್ನು ಹಾಸ್ಯವೆಂದು ತಿಳಿದು ಗುಂಪಿನಲ್ಲಿ ಹಾಕಿದೆ. ಬಹಳ ಜನ ನಕ್ಕರು. ಕರುಣಾ ಎರಡು ದಿನ ಮಾತಾಡಲಿಲ್ಲ.

ಈಗ ಮುಗಿದ ಕೈಗಳ ವಿಷಯಕ್ಕೆ ಬರುತ್ತೇನೆ. ಗುಂಪು ನಡೆಸುವವನಿಗೆ ಪ್ರಾರ್ಥನೆಯ ಕೋರಿಕೆಗಳು ಬಂದೇ ಬರುತ್ತವೆ. ಒಬ್ಬರಿಗೆ ಸೊಂಟನೋವು, ಒಬ್ಬರ ಮಗಳಿಗೆ ಪರೀಕ್ಷೆ, ಒಬ್ಬರ ಎಮ್ಮೆ ಮೇವು ಬಿಟ್ಟಿರುತ್ತದೆ. ಎಲ್ಲರಿಗೂ ನನ್ನದು ಒಂದೇ ಉತ್ತರ, ಎರಡು ಮುಗಿದ ಕೈಗಳ ಆ ಪುಟ್ಟ ಚಿತ್ರ. ಅದನ್ನು ಒತ್ತಿದರೆ ಪ್ರಾರ್ಥಿಸುತ್ತೇನೆ ಎಂದರ್ಥ. ಒತ್ತಿದ ಮೇಲೆ ಪ್ರಾರ್ಥಿಸಿದಂತೆಯೇ ಆಯಿತು ಎಂದು ನಾನು ಯಾವಾಗ ತೀರ್ಮಾನಿಸಿದೆನೋ ನನಗೇ ನೆನಪಿಲ್ಲ. ನನ್ನ ಅಸಲು ಕೈಗಳು ಜೋಡಿಯಾಗಿ ಎಷ್ಟು ತಿಂಗಳಾಗಿತ್ತೋ! ಒಂದು ಕೈಯಲ್ಲಿ ಫೋನ್ ಇರುವಾಗ ಅವು ಜೋಡಿಯಾಗುವುದಾದರೂ ಹೇಗೆ?

ದಿನವೂ ತಪ್ಪದೆ ಬರುತ್ತಿದ್ದುದು ದೇವದುರ್ಗದ ದೊಡ್ಡವ್ವನ ಸಂದೇಶ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಸುಂದರಮ್ಮ. ಚಿಕ್ಕವನಿದ್ದಾಗ ನನ್ನ ಎರಡು ಕೈ ಹಿಡಿದು ಜೋಡಿಸಿ, ಕಣ್ಣು ಮುಚ್ಚುವುದನ್ನು ಕಲಿಸಿದವಳು ಅವಳೇ. ಈಗ ಮಗಳು ಲೀಲಕ್ಕನ ಮನೆಯಲ್ಲಿದ್ದಾಳೆ. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ ಬರೆಯುವ ಗೋಜಿಲ್ಲ, ಮೊಮ್ಮಗಳು ಗುಂಡಿ ಒತ್ತಿಕೊಟ್ಟರೆ ಮಾತಾಡಿ ಕಳಿಸುತ್ತಿದ್ದಳು. ಬೆಳಗ್ಗೆ ಐದೂವರೆಗೆ ಸರಿಯಾಗಿ ಮೂರು ನಿಮಿಷದ ಧ್ವನಿ ಬಂದು ಬೀಳುತ್ತಿತ್ತು. ಮೊದಲ ದಿನ ಒಂದಿಷ್ಟು ಕೇಳಿದ್ದೆ. ಮೊಣಕಾಲು ನೋವಿನಿಂದ ಶುರುವಾಗಿತ್ತು. ಉಳಿದದ್ದೂ ಮೊಣಕಾಲೇ ಇರಬೇಕು ಎಂದುಕೊಂಡು ಮುಗಿದ ಕೈ ಒತ್ತಿದೆ. ಮರುದಿನ ಕೇಳದೆಯೇ ಒತ್ತಿದೆ. ಹೀಗೆ ಕ್ರಿಸ್ಮಸ್ಸಿನಿಂದ ಬೇಸಿಗೆಯ ತನಕ ಒತ್ತುತ್ತಲೇ ಬಂದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕಚೇರಿಯಲ್ಲಿ ಮಂಡಾಳ ಒಗ್ಗರಣೆ ತಿನ್ನುತ್ತಿದ್ದಾಗ ಲೀಲಕ್ಕನ ಫೋನ್ ಬಂತು. ಎಲ್ಲಿದ್ದೀ ಎಂದಳು. ಮಾನ್ವಿಯಲ್ಲಿ ಎಂದೆ. ಅವಳು ಸಮಾಧಾನದಿಂದಲೇ ಹೇಳಿದಳು: "ಅವ್ವ ಎಂಟು ಗಂಟಿಲಿಂದ ಬಸ್‌ಸ್ಟ್ಯಾಂಡಿನಾಗ ಕುಂತಾಳ. ಇವತ್ತು ರಾಯಚೂರಿನಾಗ ಕಣ್ಣಿನ ಆಪರೇಷನ್ ಅದ, ಕರ್ಕೊಂಡು ಹೋಗಾಕ ಬಾ ಅಂತ ನಿನಗ ಹೇಳಿದ್ಲಂತ. ನೀ ಕೈ ಮುಗಿದಿದ್ದೆಂತ."

ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಲೀಲಕ್ಕ ಅಂಗನವಾಡಿಗೆ ರಜೆ ಹಾಕುತ್ತೇನೆ ಎಂದಿದ್ದಳಂತೆ. ದೊಡ್ಡವ್ವ ಬೇಡವೆಂದಿದ್ದಳಂತೆ, ನಮ್ಮ ಪ್ರಭು ಬರ್ತಾನ, ಒಪ್ಪಿಕೊಂಡಾನ ಎಂದು. ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು, ರಾಯಚೂರಿನಿಂದ ಬಂದ ಒಂದೊಂದು ಬಸ್ಸಿಗೂ ಎದ್ದು ನಿಂತು, ಇಳಿಯುವವರ ಮುಖ ಕಾಣದಿದ್ದರೂ ನೋಡಿ, ಮತ್ತೆ ಕೂತಿದ್ದಾಳೆ. ಆ ಬಿಸಿಲಿನಲ್ಲಿ ಐದು ತಾಸು. ಆಸ್ಪತ್ರೆಯ ಸರದಿ ಕೈತಪ್ಪಿತು. ಮಾಮನಿಗೆ ಫೋನ್ ಮಾಡುವುದು ಬೇಡ ಎಂದು ಅಜ್ಜಿ ತಡೆದದ್ದರಿಂದ ಸುಮ್ಮನಿದ್ದ ಮೊಮ್ಮಗಳು ಕೊನೆಗೆ ಅನುಮಾನ ಬಂದು ಫೋನ್ ತೆಗೆದು ನೋಡಿದ್ದಾಳೆ. ಕಳಿಸಿದ ಧ್ವನಿಯನ್ನು ಕೇಳಿದರೆ ಅದರ ಪಕ್ಕದ ಗುರುತು ನೀಲಿಯಾಗುತ್ತದೆ ಎಂಬ ಹಾಳು ವಿದ್ಯೆ ಈಗಿನ ಹುಡುಗಿಯರಿಗೆ ಗೊತ್ತಿರುತ್ತದೆ. "ಅಜ್ಜಿ, ಮೊದಲನೇದು ಬಿಟ್ರ ಒಂದೂ ನೀಲಿ ಆಗಿಲ್ಲ, ಮಾಮ ಯಾವುದನ್ನೂ ಕೇಳೇ ಇಲ್ಲ" ಎಂದು ಬಸ್‌ಸ್ಟ್ಯಾಂಡಿನಲ್ಲೇ ವರದಿ ಒಪ್ಪಿಸಿದ್ದಾಳೆ. ನಾಚಿಕೆ ಎಂದರೆ ಏನೆಂದು ಅವತ್ತು ನನಗೆ ಸರಿಯಾಗಿ ತಿಳಿಯಿತು.

ಆ ಸಂಜೆ ಫೋನ್ ಮಾಡಿ ಕ್ಷಮೆ ಕೇಳುವ ಧೈರ್ಯ ಬರಲಿಲ್ಲ. ಇನ್ನು ಮೇಲೆ ಆ ಧ್ವನಿ ಬರುವುದಿಲ್ಲ, ಬರಬಾರದು ಕೂಡ ಎಂದುಕೊಂಡು ಮಲಗಿದೆ. ಬೆಳಗ್ಗೆ ಐದೂವರೆಗೆ ಬಂತು. ಮೂರು ನಿಮಿಷ. ಅದನ್ನು ಒತ್ತಲು ಬೆರಳೇ ಏಳಲಿಲ್ಲ. ಮುಗಿದ ಕೈ ಒತ್ತುವ ಮಾತಂತೂ ದೂರವೇ ಉಳಿಯಿತು. ಭಾನುವಾರ ಆರಾಧನೆ ಮುಗಿಸಿ ನೇರವಾಗಿ ದೇವದುರ್ಗದ ಬಸ್ ಹತ್ತಿದೆ. ಗಬ್ಬೂರು ದಾಟುವ ತನಕ ಕ್ಷಮಾಪಣೆಯ ಮಾತುಗಳನ್ನು ಜೋಡಿಸಿಕೊಂಡೆ. ಅದರ ನಡುವೆಯೇ ಏಳೆಂಟು ಸಲ ಫೋನ್ ತೆಗೆದು ನೋಡಿದೆ ಎಂಬುದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ದೊಡ್ಡವ್ವ ಬಾಗಿಲಲ್ಲೇ ನನ್ನ ಮುಖ ತಡವಿ, ಸೊರಗಿದ್ದೀಯಲ್ಲೋ ಎಂದಳು. ಲೀಲಕ್ಕ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಕೊನೆಗೆ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ತಪ್ಪಾತು ದೊಡ್ಡವ್ವ, ನಿನ್ನ ಮಾತು ಒಂದೂ ಕೇಳಿಲ್ಲ, ನಿನ್ನ ಸಲುವಾಗಿ ಒಂದು ದಿನವೂ ಪ್ರಾರ್ಥನೆ ಮಾಡಿಲ್ಲ ಎಂದುಬಿಟ್ಟೆ. ಗೊತ್ತು ಎಂದಳು. ಗೊತ್ತಾದ ಮೇಲೆಯೂ ಮರುದಿನ ಯಾಕೆ ಕಳಿಸಿದೆ ಎಂದು ಕೇಳಿದೆ. ಅವಳು ನನ್ನ ಕಡೆಯೇ ತಿರುಗಿ, ಆದರೆ ನನಗಿಂತ ಸ್ವಲ್ಪ ಆಚೆ ನೋಡುತ್ತಾ ಹೇಳಿದಳು:

"ಕಳಿಸಿದ್ದು ನಿನಗ, ಖರೆ. ಹೇಳಿದ್ದು ಆತಗ. ನೀ ಕೇಳಲಿಲ್ಲಂದ್ರ ಏನಾತೋ ಯಪ್ಪಾ, ಆತ ಕೇಳಾಕತ್ತಿದ್ದ."

ನನ್ನ ಕೈ ಯಾವಾಗಲೂ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಯಿತು, ಅಂಗಿಯ ಜೇಬಿಗೆ. ಕಣ್ಣು ಕಾಣದ ದೊಡ್ಡವ್ವನಿಗೆ ಅದು ಹೇಗೆ ತಿಳಿಯಿತೋ, ಕೈ ಚಾಚಿದಳು. ಕೊಟ್ಟೆ. ತಡವರಿಸುತ್ತಾ ಹೋಗಿ ಮೂಲೆಯಲ್ಲಿದ್ದ ಜೋಳದ ಡಬ್ಬಿಯ ಮುಚ್ಚಳ ತೆಗೆದು, ಫೋನನ್ನು ಮೊಣಕೈ ಆಳಕ್ಕೆ ಹೂತು, ಮುಚ್ಚಳ ಹಾಕಿ ಬಂದು ಚಾಪೆಯ ಮೇಲೆ ಕೂತಳು. "ಹೊರಿ ಹೊತ್ತಾವ್ರು ಬರ್ರಿ, ದಣಿವು ಆರಸ್ತೀನಿ ಅಂದಾನ ಸ್ವಾಮಿ. ನೀ ಆ ಮಾತು ಊರಿಗೆಲ್ಲ ಹಂಚಿದಿ, ನೀನ ಹೋಗಲಿಲ್ಲ. ಈಗ ಸುಮ್ನ ಕುಂದ್ರು. ಏನೂ ಹೇಳಬ್ಯಾಡ."

ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಮೊದಲ ಐದು ನಿಮಿಷ ಹೆಬ್ಬೆರಳು ತೊಡೆಯ ಮೇಲೆ ತಾನೇ ಮೇಲೆ ಕೆಳಗೆ ಆಡುತ್ತಿತ್ತು. ಡಬ್ಬಿಯೊಳಗಿಂದ ಒಮ್ಮೆ ಗುಂಯ್ ಎಂದ ಹಾಗಾಯಿತು. ಯಾರದೋ ಆಮೆನ್ ಇರಬೇಕು. ದೊಡ್ಡವ್ವ ನನ್ನ ಎರಡೂ ಕೈ ಹಿಡಿದು, ಐದು ವರ್ಷದವನಿಗೆ ಮಾಡಿದಂತೆ ಜೋಡಿಸಿ, ತನ್ನ ಕೈಯೊಳಗೆ ಇಟ್ಟುಕೊಂಡು ಮೆಲ್ಲಗೆ ಪ್ರಾರ್ಥನೆ ಶುರು ಮಾಡಿದಳು. ಎಷ್ಟೋ ತಿಂಗಳಿಂದ ಎದೆಯಲ್ಲಿ ಓಡುತ್ತಿದ್ದದ್ದೇನೋ ನಿಂತಂತಾಯಿತು. ಸ್ವಾಮೀ, ಬಂದೀನಿ ಎಂದೆ, ಒಳಗೊಳಗೇ. ಅಷ್ಟೇ ನೆನಪು. ದರ್ಶನ ಗಿರ್ಶನ ಏನೂ ಆಗಲಿಲ್ಲ. ನಿದ್ದೆ ಬಂತು. ಚಾಪೆಯ ಮೇಲೆ ಒರಗಿ ಎರಡು ತಾಸು ಗೊರಕೆ ಹೊಡೆದೆನಂತೆ. ಎದ್ದಾಗ ತಲೆಯ ಕೆಳಗೆ ದಿಂಬು ಬಂದಿತ್ತು, ದೊಡ್ಡವ್ವ ಬೀಸಣಿಗೆ ಬೀಸುತ್ತಿದ್ದಳು. ಪ್ರಾರ್ಥನೆಯಲ್ಲಿ ನಿದ್ದೆ ಮಾಡಿದೆ ಎಂದು ಪೆಚ್ಚಾದರೆ, ದಣಿವು ಆರಿಸು ಅಂತ ಕೇಳಿದ್ದೆ, ಆರಿಸಿದ ಎಂದಳು. ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಕಣ್ಣು ತೇವವಾಗುತ್ತದೆ. ಅಷ್ಟು ನೆಮ್ಮದಿಗೆ ತಕ್ಕದ್ದೇನೂ ನಾನು ಮಾಡಿರಲಿಲ್ಲ.

ಫೋನನ್ನು ನಾನು ಮರೆತೇ ಹೊರಟಿದ್ದೆ. ಇದನ್ನು ಕರುಣಾ ಇವತ್ತಿಗೂ ನಂಬುವುದಿಲ್ಲ. ಮೊಮ್ಮಗಳು ಓಡಿ ಬಂದು ಬಸ್ಸಿನ ಕಿಟಕಿಯಲ್ಲಿ ಕೊಟ್ಟಳು. ಕವಚದಿಂದ ಜೋಳದ ಕಾಳು ಉದುರಿದವು.

ಮರುದಿನ ಮಾನ್ವಿಯ ಬಸ್ಸಿನಲ್ಲಿ ಕೂತು ಕ್ರಿಸ್ಮಸ್ಸಿನ ಕಾಲದ ಧ್ವನಿಯಿಂದ ಒಂದೊಂದಾಗಿ ಕೇಳತೊಡಗಿದೆ. ಮೊಣಕಾಲು ಅರ್ಧ ನಿಮಿಷವೂ ಇರಲಿಲ್ಲ. ಆಮೇಲೆ ದುಡಿಯಲು ದೂರ ಹೋದ ನೆರೆಮನೆ ಹುಲಿಗೆಮ್ಮನ ಮಕ್ಕಳು, ಲೀಲಕ್ಕನ ಅಂಗನವಾಡಿಯ ಕೂಸುಗಳು, ಯಾರದೋ ಎಮ್ಮೆ. ಕೊನೆಯ ಒಂದು ನಿಮಿಷ ಪ್ರತಿದಿನ ನಾನು. "ನಮ್ಮ ಪ್ರಭುಗ ಒಂದು ಗಳಿಗಿ ಸುಮ್ನ ಕುಂದ್ರಾ ಭಾಗ್ಯ ಕೊಡಪ್ಪಾ, ಅವನ ಜೀವಕ್ಕ ಆರಾಮ ಇಲ್ಲ." ನಾನು ಜಾರಿಬಿದ್ದವರ ವಿಡಿಯೋ ನೋಡುತ್ತಿದ್ದಾಗಲೂ ನನಗಾಗಿ ಈ ಮಾತು ಅದೇ ಫೋನಿನಲ್ಲಿ ಕಾದು ಕೂತಿತ್ತು. ನೀರಮಾನ್ವಿಯ ಹತ್ತಿರ ಪಕ್ಕದ ಸೀಟಿನ ಮಲ್ಲಟ ಊರಿನ ಹಿರಿಯರೊಬ್ಬರು, ಮನಿಯಾಗ ಎಲ್ಲಾ ಆರಾಮೇನ್ರೀ ಎಂದು ಕೇಳಿದರು. ಆಗಲೇ ನಾನು ಅಳುತ್ತಿದ್ದೇನೆ ಎಂದು ನನಗೆ ತಿಳಿದದ್ದು. ಆರಾಮ್ ಅದೀವ್ರಿ ಎಂದೆ. ಬಹಳ ದಿನದ ಮೇಲೆ ಅದು ಸುಳ್ಳಾಗಿರಲಿಲ್ಲ.

ಜೂನಿನಲ್ಲಿ ಮತ್ತೆ ಸರದಿ ಸಿಕ್ಕಿತು. ಹಿಂದಿನ ದಿನವೇ ದೇವದುರ್ಗಕ್ಕೆ ಹೋಗಿ ದೊಡ್ಡವ್ವನನ್ನು ಕರೆತಂದೆ. ಆಪರೇಷನ್ ನಡೆದಷ್ಟು ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಅಸಲು ಕೈಗಳನ್ನೇ ಜೋಡಿಸಿ ಕೂತಿದ್ದೆ. ಫೋನ್ ಕರುಣಾಳ ಚೀಲದಲ್ಲಿತ್ತು. ಪಟ್ಟಿ ಬಿಚ್ಚಿದಾಗ ದೊಡ್ಡವ್ವ ಮೊದಲು ನನ್ನನ್ನು ನೋಡಿ, ಕೂದಲು ಇಷ್ಟು ಯಾವಾಗ ಉದುರಿತೋ ಎಂದಳು. ಆಮೇಲೆ ತನ್ನ ಫೋನ್ ಈಸಿಕೊಂಡು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಈಗ ನನಗ ಕಾಣಸ್ತದ. ನೀಲಿ ಆಗ್ಯದೋ ಇಲ್ಲೋ ನಾನ ನೋಡ್ತೀನಿ."

ಗುಂಪನ್ನು ಬೇರೊಬ್ಬರಿಗೆ ಒಪ್ಪಿಸಿದ್ದೇನೆ. ಬೆಳಗ್ಗೆ ಐದೂವರೆಗೆ ದೇವದುರ್ಗದಿಂದ ಬರುವ ದೊಡ್ಡವ್ವನ ಧ್ವನಿಯ ಜೊತೆ ಕೂರುತ್ತೇನೆ, ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ. ಕರುಣಾಳೂ ಬಂದು ಕೂರುತ್ತಾಳೆ. ಚಹಾ ಬಿಸಿಯಾಗಿರುತ್ತದೆ. ಪೂರ್ತಿ ಗುಣವಾದೆ ಎಂದು ಹೇಳಿದರೆ ಮಾತ್ರ ಸುಳ್ಳಾದೀತು. ದೃಷ್ಟಿ ಬಂದ ಮೇಲೆ ದೊಡ್ಡವ್ವನಿಗೆ ಪ್ರಾರ್ಥಿಸಬೇಕಾದವರು ಹೆಚ್ಚು ಜನ ಕಾಣುತ್ತಿದ್ದಾರೆ, ಹೀಗಾಗಿ ಮೂರು ನಿಮಿಷ ಈಗ ಐದಾಗಿದೆ. ಮೊನ್ನೆ ಬಸ್ಸಿಗೆ ತಡವಾಗುತ್ತಿತ್ತು. ಧ್ವನಿಯನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರೂ ಗುರುತು ನೀಲಿಯಾಗುತ್ತದೆ ಎಂಬ ವಿದ್ಯೆ ನನಗೆ ಗೊತ್ತು, ದೊಡ್ಡವ್ವನಿಗೆ ಇನ್ನೂ ಗೊತ್ತಿಲ್ಲ. ಓಡಿಸಿದೆ. ಹುಲಿಗೆಮ್ಮ, ಎಮ್ಮೆ, ಕೂಸುಗಳು ಎಲ್ಲ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು, ಅವರ ಹಿಂದೆ ನಾನೂ ಓಡಿದೆ. ಒಂದು ಗಳಿಗೆ ಸುಮ್ಮನೆ ಕೂರುವ ಭಾಗ್ಯ ಕೊಡಪ್ಪಾ ಎಂಬ ಮಾತು ಉಸಿರು ಕಟ್ಟಿ ಓಡಿಹೋಯಿತು. ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತೆ. ಮೊದಲಿನಿಂದ, ಮೆಲ್ಲಗೆ, ಇನ್ನೊಮ್ಮೆ ಕೇಳಿದೆ. ಬಸ್ ತಪ್ಪಿತು.