ಆಮೆಯ ಊಟದ ಪಂಚಾಯ್ತಿ

ದನದ ಡಾಕ್ಟರನನ್ನು ಕರೆಸುವುದು, ಸಲಹೆ ಕೇಳುವುದು, ಕೇಳಿದ ಮೇಲೆ ಬೈಯುವುದು. ಎಂಬತ್ತರ ದಶಕದಲ್ಲಿ ಚಿಕ್ಕೋಡಿ ಸುತ್ತ ನಾನು ಕೆಲಸ ಮಾಡಿದಷ್ಟು ದಿನವೂ ಇದೇ ನಡೆಯಿತು. ಎಮ್ಮೆಗಳ ವಿಷಯದಲ್ಲಿ ಸಹಿಸಿಕೊಂಡೆ. ಆಮೆಗಳನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

೧. ತಾಕತ್ತಿನ ಊಟ

ಅಥಣಿಯ ಪೈಲವಾನನೊಬ್ಬ ಬುಟ್ಟಿಯಲ್ಲಿ ಆಮೆ ತಂದ. ನೆಲದ ಮೇಲೆ ಬದುಕುವ ಜಾತಿ, ಬೆನ್ನ ತುಂಬ ನಕ್ಷತ್ರ. ಹೊಟ್ಟೆ ಕೆಟ್ಟು ಕಣ್ಣೇ ತೆರೆಯುತ್ತಿರಲಿಲ್ಲ.

“ಏನ್ ತಿನ್ನಸ್ತೀರಿ?”

“ದಿನಾ ಖಿಮಾ ರೀ.”

ನನಗೆ ರೇಗಿತು. “ಇದು ಸೊಪ್ಪು-ತಪ್ಪಲ ತಿನ್ನೂ ಪ್ರಾಣಿ. ಮಾಂಸ ಹಾಕಿ ಕೊಲ್ಲಾಕತ್ತೀರಿ!”

ಅವನು ನನ್ನ ತೋಳನ್ನು ನೋಡಿ ಮರುಗಿದ. “ನೀವೂ ಬರೇ ತಪ್ಪಲ ತಿಂತೀರೇನ್ರಿ, ಡಾಕ್ಟರ್ರ?”

೨. ಚಟ

ನನಗೆ ಕೋಣೆ ಬಾಡಿಗೆ ಕೊಟ್ಟಿದ್ದ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಅಜ್ಜಿಯದು ತದ್ವಿರುದ್ಧ. ಅವರ ಹಿತ್ತಲ ತೊಟ್ಟಿಯಲ್ಲಿ ನೀರಾಮೆ ಇತ್ತು. ಹುಳ ಹುಪ್ಪಟೆ ತಿಂದು ಬದುಕುವಂಥದ್ದು. ಅದಕ್ಕೆ ಮೆಂತ್ಯದ ಸೊಪ್ಪು, ಸೌತೆಕಾಯಿ, ಹಬ್ಬಕ್ಕೆ ಹೋಳಿಗೆ! ಚಿಪ್ಪು ಒದ್ದೆ ಹಪ್ಪಳದಂತೆ ಮೆತ್ತಗಾಗಿತ್ತು.

“ಆಯಿ, ಹುಳಾ ತಿನ್ನದಿದ್ರ ಇದು ಉಳಿಯೂದಿಲ್ಲ.”

ಅಜ್ಜಿ ಕಿವಿ ಮುಚ್ಚಿಕೊಂಡರು. “ಸಣ್ಣದಿದ್ದಾಗಿಂದ ನಮ್ಮ ಮನ್ಯಾಗ ಬೆಳದೈತಿ. ಅದಕ್ಕ ಅಂಥಾ ಚಟ ಇಲ್ರಿ!”

೩. ಕಸಬರಿಗೆ

ಆಮೆ ಸಾಯುವುದನ್ನು ನೋಡಲಾರದೆ ಉಪಾಯ ಹೇಳಿದೆ. “ನೀವು ತಿನ್ನಸಬ್ಯಾಡ್ರಿ. ಬಾಳಿಗಿಡದ ಹಸಿ ಮಣ್ಣಾಗ ಬಿಡ್ರಿ. ಹುಳಾ ತಿಂದ್ರ ಪಾಪ ಅದರದ.”

ಒಪ್ಪಿದರು. ಆದರೂ ಆಮೆ ದಿನದಿನಕ್ಕೆ ಸೊರಗುತ್ತಲೇ ಹೋಯಿತು. ಅನುಮಾನ ಬಂದು ಹಿತ್ತಲಿಗೆ ಇಣುಕಿದೆ. ಆಮೆ ಹೆಜ್ಜೆ ಇಡುವ ಮೊದಲೇ ಅಜ್ಜಿ ಮೆತ್ತನೆಯ ಕಸಬರಿಗೆಯಿಂದ ಅದರ ಮುಂದಿನ ಹುಳಗಳನ್ನೆಲ್ಲ ಆಚೆ ಸರಿಸುತ್ತಿದ್ದರು.

“ಆಯಿ! ಏನ್ ಮಾಡಾಕತ್ತೀರಿ?”

“ಒದರಬ್ಯಾಡ್ರಿ. ಅದು ಆ ಕಡೆ ತಿರಗತೈತಿ. ಆ ಕಡೆ ಇನ್ನೂ ಕಸಾ ಹೊಡದಿಲ್ಲ!”

೪. ಒಪ್ಪಿಗೆ

ನನ್ನ ಸಿಟ್ಟು ನೆತ್ತಿಗೇರಿತು. “ಇದು ಸತ್ರ ಕೊಂದವರು ನೀವ ಆಗ್ತೀರಿ” ಅಂದುಬಿಟ್ಟೆ. ಅಜ್ಜಿ ಅತ್ತರು. ಆಮೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿತ್ತರು. “ನಿಮ್ಮ ಖೋಲ್ಯಾಗ ಇಟ್ಕೋರಿ. ಏನರ ತಿನ್ನಸ್ರಿ, ನಾ ನೋಡೂದಿಲ್ಲ. ಬದುಕಿದ್ರ ಸಾಕು.”

ಕೊನೆಗೂ ಗೆದ್ದೆ ಅಂದುಕೊಂಡೆ. ಅಂದು ಸಂಜೆ ರಾಯಬಾಗದ ಕೆಲಸ ಮುಗಿಸಿ ಬಸ್ಸಿಳಿದು ಬಂದವನೇ ಎರೆಹುಳ ಅಗೆದು ತಂದೆ. ಆಮೆ ಕತ್ತು ಚಾಚಿತು, ಬಾಯಿ ತೆರೆಯಿತು.

“ಡಾಕ್ಟರ್ರ, ತಡೀರಿ!” ಬಾಗಿಲಾಚೆ ಅಜ್ಜಿ, ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತಿದ್ದರು.

“ಮತ್ತೇನ್ರಿ ಆಯಿ? ಹುಳಕ್ಕ ಒಪ್ಪೀರಲ್ಲ?”

“ಹುಳಕ್ಕ ಒಪ್ಪೀನ್ರಿ. ಆದ್ರ ಹೊತ್ತ ಮುಳಗೇತಿ, ಈಗ ಹ್ಯಾಂಗ ಉಣ್ಣಾಕ ಕೊಡ್ತೀರಿ?”