ಹನ್ನೊಂದು ಕ್ಲಬ್ಬಿನ ಸ್ಟ್ರೈಕರು

ನಡೆದದ್ದು ಇಷ್ಟೇ. ಒಬ್ಬ ಫುಟ್‌ಬಾಲ್ ಆಟಗಾರ ತನ್ನ ತಾಯಿಗೆಂದು ನಮ್ಮ ಖಾಲಿ ಖೋಲಿಯನ್ನು ಬಾಡಿಗೆಗೆ ಕೇಳಿಕೊಂಡು ಬಂದ. ಅವನು ಹೋಟೆಲುಗಳಲ್ಲಿ ಮುಷ್ಕರ ಮಾಡಿಸುವ ಪುಢಾರಿ ಎಂದು ತಿಳಿದು ನಾನು ಮೆಟ್ಟಿಲಿಳಿಸಿ ಕಳಿಸಿದೆ. ತಪ್ಪು ನನ್ನದು. ನನ್ನ ಮಗ ಇದಕ್ಕೆ ಕಮ್ಯುನಿಕೇಶನ್ ಗ್ಯಾಪ್ ಎಂದು ಹೆಸರಿಟ್ಟಿದ್ದಾನೆ. ಗ್ಯಾಪೂ ಇಲ್ಲ, ಗೀಪೂ ಇಲ್ಲ. ನನಗೆ ಎರಡು ಇಂಗ್ಲಿಷ್ ಶಬ್ದ ಬಹಳ ಚೆನ್ನಾಗಿ ಗೊತ್ತಿದ್ದವು. ಅವೂ ಗೊತ್ತಿಲ್ಲದೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಡಿಸಿದ ಅಪ್ಪ ಒಂದನೇ ಕ್ಲಾಸಿಗೇ ಬಿಡಿಸಿದ್ದರೆ ಇನ್ನೂ ಒಳ್ಳೆಯದಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಮೊದಲ ಶಬ್ದ ಕ್ಲಬ್ಬು. ಉಡುಪಿ ಕಡೆಯಿಂದ ಬಂದ ನಮ್ಮ ಹಿರಿಯರ ಬಾಯಲ್ಲಿ ಹೋಟೆಲು ಅಂದರೆ ಕ್ಲಬ್ಬು, ಕಾಫಿ ಕ್ಲಬ್ಬು. ನಮ್ಮ ಯಜಮಾನರು ಬದುಕಿರುವವರೆಗೆ ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿದ್ದ ತಮ್ಮ ಹೋಟೆಲನ್ನು ಕ್ಲಬ್ಬು ಎಂದೇ ಕರೆದರು. ಬೋರ್ಡಿನ ಮೇಲೆ ಬೇರೆ ಏನೋ ಬರೆದಿತ್ತು, ಅದನ್ನು ಗಿರಾಕಿಗಳು ಓದಲಿ ಎಂದು ಬಿಟ್ಟಿದ್ದರು. ಎರಡನೆಯ ಶಬ್ದ ಸ್ಟ್ರೈಕು. ಅದನ್ನು ನಾನು ಆ ಕ್ಲಬ್ಬಿನ ಹಿಂಬಾಗಿಲಲ್ಲೇ ನಿಂತು ಕಲಿತದ್ದು. ಹುಡುಗರು ಕೇಳಿದ್ದು ವಾರಕ್ಕೊಂದು ರಜೆ; ಈಗ ನೆನೆದರೆ ನ್ಯಾಯವಾದದ್ದೇ. ಆದರೆ ಆಗ ಹತ್ತೊಂಬತ್ತು ದಿನ ಒಬ್ಬಳೇ ಚಟ್ನಿ ರುಬ್ಬಿದವಳಿಗೆ ನ್ಯಾಯ ನೋಡುವ ಪುರುಸೊತ್ತು ಎಲ್ಲಿತ್ತು? ಆ ಸ್ಟ್ರೈಕು ಮಾಡಿಸಲೆಂದೇ ಹೊರಗಿನಿಂದ ಒಬ್ಬ ಬಿಳಿ ಪ್ಯಾಂಟಿನವನು ಬಂದಿದ್ದ. ಬೆಳಿಗ್ಗೆ ನಮ್ಮಲ್ಲೇ ಎರಡು ಪ್ಲೇಟು ಇಡ್ಲಿ ತಿಂದು, ಕೈ ತೊಳೆದು, ಹೊರಗೆ ನಿಂತು ನಮಗೇ ಮುರ್ದಾಬಾದ್ ಹೇಳುತ್ತಿದ್ದ. ನಮ್ಮಲ್ಲಿ ಮುಗಿಸಿ ಡೊಂಬಿವಲಿಯ ಒಂದು ಕ್ಲಬ್ಬಿಗೆ ಹೋದ, ಅಲ್ಲಿ ಮುಗಿಸಿ ಕಲ್ಯಾಣಕ್ಕೆ. ಊರೂರು ತಿರುಗಿ ಸ್ಟ್ರೈಕು ಮಾಡುವುದೇ ಕಸುಬಾದ ಮನುಷ್ಯರು ಲೋಕದಲ್ಲಿದ್ದಾರೆ ಎಂದು ನನಗೆ ಗೊತ್ತಾದದ್ದು ಹಾಗೆ.

ಈಗ ಕ್ಲಬ್ಬಿಲ್ಲ, ಯಜಮಾನರೂ ಇಲ್ಲ. ಅದೇ ಊರಿನ ಕೋಪರಿಯಲ್ಲಿ ನಾವಿರುವ ಮನೆ ಮತ್ತು ಅದರ ಎದುರಿಗೆ ಒಂದು ಸಣ್ಣ ಖೋಲಿ ಉಳಿದಿದೆ. ಖೋಲಿಯಲ್ಲಿದ್ದವರು ಬಿಟ್ಟುಹೋಗಿದ್ದರು. ಯಾರನ್ನು ಇಡಬೇಕು ಎಂಬ ತೀರ್ಮಾನ ನನ್ನದು, ಯಾಕೆಂದರೆ ದಿನವಿಡೀ ಅವರ ಮುಖ ನೋಡಬೇಕಾದವಳು ನಾನು. ನನ್ನ ಮೊಮ್ಮಗಳು ಅನು ನವಿ ಮುಂಬಯಿಯಲ್ಲಿ ಮುರಿದ ಕೈಕಾಲು ನೆಟ್ಟಗೆ ಮಾಡುವ ಫಿಜಿಯೋ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಜಾತಿ. ಒಂದು ದಿನ ಬೆಳಿಗ್ಗೆ ಲೋಕಲ್ ತಪ್ಪುವ ಗಡಿಬಿಡಿಯಲ್ಲಿ ಚಪ್ಪಲಿ ಹಾಕುತ್ತಾ ಹೇಳಿದಳು: “ಅಜ್ಜೀ, ಖೋಲಿ ನೋಡಲಿಕ್ಕೆ ನನ್ನ ಪೇಶಂಟ್ ಒಬ್ಬ ಬರ್ತಾನೆ. ಶರಣು ಅಂತ. ಬಹುತ್ ಅಚ್ಛಾ ಆದ್ಮಿ. ಕನ್ನಡವೇ.”

“ಕೆಲಸ ಎಂತದು?”

“ಪ್ರೊಫೆಷನಲ್ ಸ್ಟ್ರೈಕರ್. ಹದಿಮೂರು ವರ್ಷದಲ್ಲಿ ಹನ್ನೊಂದು ಕ್ಲಬ್ ಮಾಡಿದಾನೆ, ಪತಾ ಹೈ?”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳು ಆಗಲೇ ಮೆಟ್ಟಿಲಿಳಿದಿದ್ದಳು.

ಹನ್ನೊಂದು ಗಂಟೆಗೆ ಅವನು ಬಂದ. ಮೂವತ್ತಮೂರರ ಆಸುಪಾಸು, ಕಪ್ಪಗೆ ಗಟ್ಟಿ ಆಳು, ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಪೊಲೀಸರ ಪೆಟ್ಟು ಇರಬೇಕು ಎಂದುಕೊಂಡೆ. ಕುರ್ಚಿ ತೋರಿಸಿದರೂ ತುದಿಯಲ್ಲಿ ಕೂತ. ತಾಯಿ ಕಲ್ಯಾಣದ ಒಂದು ಹಳೆ ವಠಾರದಲ್ಲಿ, ಚಾಳಿನಲ್ಲಿ, ಇದ್ದಾಳಂತೆ. ಚಾಳು ಕೆಡವುತ್ತಾರೆ, ಆದಿತ್ಯವಾರದೊಳಗೆ ಬಿಡಬೇಕು. ಮೂರು ಬಿಲ್ಡಿಂಗಿನ ಸೊಸೈಟಿಯವರು ಆಗುವುದಿಲ್ಲ ಎಂದಿದ್ದಾರೆ. ಅವತ್ತು ಗುರುವಾರ. ನಾನು ವಿಚಾರಣೆ ಶುರು ಮಾಡಿದೆ.

“ಹನ್ನೊಂದು ಕ್ಲಬ್ಬು ಬಿಟ್ಟಿದ್ದಿಯಂತೆ. ಯಾಕೆ?”

“ಕರೀತಾರ್ರೀ ಅಮ್ಮಾ, ಹೋಗ್ತೀನಿ. ಗೋವಾದವ್ರು ಕರದ್ರು, ಆಮ್ಯಾಲ ಕೋಲ್ಕತ್ತಾ, ಶಿಲ್ಲಾಂಗ್, ಕೇರಳ, ಪಂಜಾಬ್... ನೇಪಾಳಕ್ಕೂ ಹೋಗಿದ್ದೆ.”

ಬಿಳಿ ಪ್ಯಾಂಟಿನವನು ಕಲ್ಯಾಣ ದಾಟಿರಲಿಲ್ಲ. ಇವನು ದೇಶವನ್ನೇ ದಾಟಿದ್ದಾನೆ.

“ಅಲ್ಲಿಗೂ ಇದೇ ಕೆಲಸಕ್ಕಾ?”

“ಇದೊಂದ ಕೆಲಸಾರಿ ನಂಗ ಬರೋದು. ಬ್ಯಾರೆ ಏನ್ ಕೊಟ್ರೂ ಕೆಡಸ್ತೀನಿ.”

“ಎಷ್ಟು ಜನ ಇರ್ತೀರಿ?”

“ಹನ್ನೊಂದು ಮಂದಿ. ಎಲ್ಲಾರ್ಕಿಂತ ಮುಂದ ನಾನs ಇರ್ತೀನಿ.”

“ಕ್ಲಬ್ಬಿನ ಯಜಮಾನರು ಎಂತದೂ ಹೇಳುವುದಿಲ್ಲವಾ?”

“ಮಾಡ್ಲಿಲ್ಲಂದ್ರ ಬೈತಾರ್ರಿ! ಮೂರ್ನಾಕು ಸಲ ಖಾಲಿ ಹೋದ್ರ ಹೊರಗ ಕುಂದರಸ್ತಾರ.”

ಯಜಮಾನರೇ ಹೇಳಿ ಮಾಡಿಸುವ ಸ್ಟ್ರೈಕು ಎಂಬುದು ನನಗೆ ಹೊಸದು. ಕಾಲ ಕೆಟ್ಟಿದೆ ಎಂದುಕೊಂಡೆ. “ಪೊಲೀಸರು?” ಎಂದು ಕೇಳಿದೆ.

“ಕೋಲ್ಕತ್ತಾದಾಗ ಭಾಳ ಇರ್ತಾರ್ರಿ. ಅಲ್ಲಿ ಮಂದಿ ಒಂದ್ ವಾರ ನಮ್ಮ ಫೋಟೋಕ್ಕ ಹಾರ ಹಾಕ್ತಾರ, ಮುಂದಿನ ವಾರ ಅದಕ್ಕs ಚಪ್ಪಲಿ ಒಗೀತಾರ.” ಹೇಳಿ ನಕ್ಕ. ನಗು ಚೆನ್ನಾಗಿತ್ತು. ಆ ಬಿಳಿ ಪ್ಯಾಂಟಿನವನ ನಗುವೂ ಚೆನ್ನಾಗಿಯೇ ಇತ್ತು.

“ನೋಡು ಮಾರಾಯ, ಇದು ಮರ್ಯಾದಸ್ಥರ ಬಿಲ್ಡಿಂಗು. ಮನೆ ಕೊಡುವುದಿಲ್ಲ” ಎಂದೆ. ಅವನು ಯಾಕೆ ಎಂದು ಕೇಳಲಿಲ್ಲ. “ಆತ್ರೀ ಅಮ್ಮಾ” ಎಂದು ಎದ್ದು, ಕುರ್ಚಿಯನ್ನು ಮೊದಲಿದ್ದಲ್ಲೇ ಸರಿಸಿಟ್ಟು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಬೇಡ ಎನ್ನಿಸಿಕೊಂಡು ಇಷ್ಟು ಅಚ್ಚುಕಟ್ಟಾಗಿ ಎದ್ದು ಹೋಗುವವರನ್ನು ನಾನು ನೋಡಿರಲಿಲ್ಲ. ಅಭ್ಯಾಸ ಬಲ ಎಂದುಕೊಂಡೆ. ಆ ಒಂದು ಮಾತು ಮಾತ್ರ ನಾನು ಸರಿಯಾಗಿ ಊಹಿಸಿದ್ದು.

ಸಂಜೆ ಅನು ಬಂದು ಕೇಳಿ, ಸೋಫಾದ ಮೇಲೆ ಬಿದ್ದು ನಕ್ಕು, ಆಮೇಲೆ ನಿಜವಾಗಿ ಸಿಟ್ಟಾದಳು. “ಅಜ್ಜೀ! ವೋ ಫುಟ್‌ಬಾಲ್ ಖೇಲ್ತಾ ಹೈ! ಮುಂದೆ ನಿಂತು ಗೋಲು ಹೊಡೆಯುವವನಿಗೆ ಸ್ಟ್ರೈಕರ್ ಅಂತಾರೆ. ಕ್ಲಬ್ ಅಂದ್ರೆ ಟೀಮು. ಇಡ್ಲಿ ಅಲ್ಲ!”

ನಾನು ಮಾಡಿದ್ದು ತಪ್ಪೆಂದು ಗೊತ್ತಾಯಿತು. ಆದರೆ ಈ ವಯಸ್ಸಿನಲ್ಲಿ ಒಮ್ಮೆಲೇ ಸೋಲೊಪ್ಪಿಕೊಂಡರೆ ಮನೆಯಲ್ಲಿ ಬೆಲೆ ಇರುವುದಿಲ್ಲ. “ಆಟವಾದರೂ ಅಷ್ಟೇ. ಹದಿಮೂರು ವರ್ಷದಲ್ಲಿ ಹನ್ನೊಂದು ಕಡೆ ನಿಲ್ಲದವನು ಇಲ್ಲಿ ಎಷ್ಟು ದಿನ ನಿಲ್ಲುತ್ತಾನೆ? ನಮ್ಮ ದೋಸೆ ಸಂಜೀವ ಇಪ್ಪತ್ತಾರು ವರ್ಷ ಒಂದೇ ಕಾವಲಿಯ ಮುಂದೆ ನಿಂತ” ಎಂದೆ.

“ನಾಡಿದ್ದು ಶನಿವಾರ ಮ್ಯಾಚಿದೆ. ಬಂದು ನೋಡು, ಫಿರ್ ಬೋಲ್.”

ನಾನು ಹೋದದ್ದು ಪಶ್ಚಾತ್ತಾಪದಿಂದ ಎಂದು ಯಾರೂ ತಿಳಿಯಬೇಡಿ. ಶನಿವಾರ ಮನೆಯಲ್ಲಿ ನೀರು ಬರುವುದಿಲ್ಲ. ಠಾಣೆಯಿಂದ ನೆರೂಳ್ ಲೋಕಲ್ ಹಿಡಿದು, ರಿಕ್ಷಾ ಮಾಡಿ, ಮಧ್ಯಾಹ್ನ ಮೂರಕ್ಕೆ ಒಂದು ಮೈದಾನ ಮುಟ್ಟಿದೆವು. ಗೋಡೆಗೆ ತಾಗಿಸಿ ಕಟ್ಟಿದ ಮೆಟ್ಟಿಲುಗಳ ಮೇಲೆ ಇನ್ನೂರು ಮುನ್ನೂರು ಜನ. ಅನು ನನ್ನನ್ನು ನೆರಳಿನಲ್ಲಿ ಕೂರಿಸಿ ಆಟಗಾರರ ಕಾಲಿಗೆ ಪಟ್ಟಿ ಕಟ್ಟಲು ಹೋದಳು. ನನ್ನ ಪಕ್ಕದಲ್ಲಿ ಇಳಕಲ್ ಸೀರೆಯ ಒಬ್ಬ ಹೆಂಗಸು ಮೈದಾನಕ್ಕೆ ಬೆನ್ನು ಹಾಕಿ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಆಟ ನೋಡಲು ಬಂದು ಗೋಡೆ ನೋಡುತ್ತಾ ಕೂತವಳನ್ನು ಮಾತಾಡಿಸದೆ ಇರುವುದು ನನ್ನಿಂದ ಆಗಲಿಲ್ಲ.

“ಆಟ ಆ ಕಡೆ ಉಂಟಲ್ಲ?”

“ನಾ ನೋಡಿದ್ರ ನನ್ನ ಮಗ ಬೀಳ್ತಾನ್ರಿ” ಎಂದಳು. “ಎರಡು ಸಲ ನೋಡೀನಿ, ಎರಡೂ ಸಲ ಮೊಣಕಾಲು ಹೋಗ್ಯಾವು. ಗಳಿಸಿದ್ದೆಲ್ಲಾ ಆ ಕಾಲಿಗೇ ಹೋತು.”

ಬೆನ್ನಿನ ಮೇಲೆ ಒಂಬತ್ತು ಎಂದು ಬರೆದವನೇ ಮಗ ಎಂದು, ತಿರುಗದೆಯೇ ಸೊಪ್ಪಿನ ಕಟ್ಟನ್ನು ಬೆನ್ನ ಹಿಂದಕ್ಕೆ ಚಾಚಿ ತೋರಿಸಿದಳು. ನಾನು ಮೆಟ್ಟಿಲಿಳಿಸಿದವನು. ಇವಳು ಗೌರವ್ವ, ವಿಜಯಪುರದ ಕಡೆಯವಳು. ಗಂಡ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾ ತೀರಿಕೊಂಡನಂತೆ. ನಾನು ಯಾರೆಂದು ಹೇಳಲಿಲ್ಲ. ಸೊಪ್ಪಿನ ಒಂದು ಕಟ್ಟು ತೆಗೆದುಕೊಂಡು ನಾನೂ ಬಿಡಿಸತೊಡಗಿದೆ. ಮಗ ಹೋದ ಊರಿಗೆಲ್ಲ ಅವಳೂ ಹೋಗಿದ್ದಳಂತೆ; ಹೇಳುತ್ತಾ ಹೋದಳು. ಶಿಲ್ಲಾಂಗಿನಲ್ಲಿ ಜೋಳದ ಹಿಟ್ಟು ಕಲಸಿದರೆ ಕೈ ಮರಗಟ್ಟುತ್ತಿತ್ತಂತೆ. ಒಂದು ಬೆಟ್ಟದೂರಿನಲ್ಲಿ ಮೈದಾನ ಎಷ್ಟು ಎತ್ತರದಲ್ಲಿತ್ತೆಂದರೆ ಮೋಡ ಬಂದು ಆಟ ನಿಲ್ಲುತ್ತಿತ್ತಂತೆ. ಕೇರಳದಲ್ಲಿ ಅರ್ಚಕರೊಬ್ಬರು, ಮೌಲ್ವಿಯೊಬ್ಬರು, ಪಾದ್ರಿಯೊಬ್ಬರು ಒಂದೇ ಬೆಂಚಿನಲ್ಲಿ ಕೂತು ಇವಳ ಮಗನನ್ನು ಬೈದರಂತೆ, ಮುಂದಿನ ವಾರ ಮೂವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

“ಅಷ್ಟೆಲ್ಲ ಊರಲ್ಲಿ ಭಾಷೆ?”

“ಒಂದೊಂದು ಭಾಷಾದಾಗೂ ಒಂದs ಮಾತು ಕಲ್ತಾನ್ರಿ. ‘ಇಲ್ಲಿ ಕೊಡು’ ಅಂತ. ಗೋವಾದಾಗ ‘ಹಾಂಗಾ ದೀ’, ಬಂಗಾಲ್ಯಾಗ ‘ಎದಿಕೆ ದೇ’, ಮಲಯಾಳದಾಗ ‘ಇಂಗೋಟ್ಟ್ ತಾ’, ಪಂಜಾಬದಾಗ ‘ಇತ್ಥೇ ದೇ’. ಅಷ್ಟು ಅಂದ್ರ ಸಾಕಂತ. ಉಳಿದದ್ದು ಚೆಂಡು ಮಾತಾಡ್ತದಂತ.”

ನಾನು ಠಾಣೆಗೆ ಬಂದು ಐವತ್ತು ವರ್ಷ ದಾಟಿದೆ. ಮರಾಠಿಯಲ್ಲಿ ತರಕಾರಿ ದುಬಾರಿ ಎನ್ನುವುದರ ಆಚೆಗೆ ನನಗೆ ಹೆಚ್ಚು ಬರುವುದಿಲ್ಲ. ಬಾಯಲ್ಲಿ ಇಷ್ಟೇ ಇಷ್ಟು ಬಂಡವಾಳ ಇಟ್ಟುಕೊಂಡು ಒಬ್ಬ ಮನುಷ್ಯ, ಗುರುತಿಲ್ಲದ ಹತ್ತು ಜನರ ನಡುವೆ ಹೋಗಿ ನಿಂತು, ಅವರ ಊರಿನ ಮಾನವನ್ನು ತನ್ನ ಕಾಲಿನ ಮೇಲೆ ಹೊರುತ್ತಾನೆ. ವರ್ಷ ತಿರುಗಿದ ಮೇಲೆ ಮತ್ತೊಂದು ಊರು, ಮತ್ತೆ ಹತ್ತು ಗುರುತಿಲ್ಲದ ಮುಖ. ಮದುವೆಯಾಗಿ ಒಂದೇ ಒಂದು ಸಲ ಊರು ಬದಲಾಯಿಸಿದ್ದಕ್ಕೆ ನಾನು ಒಂದು ವರ್ಷ ಅತ್ತಿದ್ದೆ.

ಆಟದಲ್ಲಿ ಅವನು ಮಾಡಿದ್ದು ಮಾತ್ರ ಏನೂ ಇಲ್ಲ. ಎಲ್ಲರೂ ಚೆಂಡಿನ ಹಿಂದೆ ಓಡುತ್ತಿದ್ದರೆ ಇವನು ಸೊಂಟದ ಮೇಲೆ ಕೈಯಿಟ್ಟು, ಗಿರಾಕಿ ಇಲ್ಲದ ಹೊತ್ತಿನ ಗಲ್ಲಾಪೆಟ್ಟಿಗೆಯವನ ಹಾಗೆ ಅಡ್ಡಾಡುತ್ತಿದ್ದ. ಚೆಂಡು ಎರಡು ಸಲ ಹತ್ತಿರ ಬಂತು, ಎರಡು ಸಲವೂ ಬೇರೆಯವರು ಕಿತ್ತುಕೊಂಡು ಹೋದರು. ಹಿಂದಿನ ಮೆಟ್ಟಿಲಿನಿಂದ ಯಾರೋ “ಏ ಕಾಕಾ, ಘರೀ ಜಾ!” ಎಂದು ಕೂಗಿದರು, ಮುದುಕಾ ಮನೆಗೆ ಹೋಗು ಎಂದು. ನಾನು ತಿರುಗಿ ನೋಡಿದ ನೋಟಕ್ಕೆ ಕೂಗಿದವನ ಬಾಯಿ ಮುಚ್ಚಿತು. ಗೌರವ್ವ ಮಾತ್ರ ಸೊಪ್ಪಿನಿಂದ ತಲೆ ಎತ್ತಲಿಲ್ಲ. “ಕಾಯಾಕ್ಹತ್ಯಾನ” ಎಂದಳು.

ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ಬಲಗಡೆಯಿಂದ ಒಬ್ಬ ಚೆಂಡು ತಂದ. ಎಲ್ಲರೂ ಗೋಲಿನ ಬಾಯಿಗೆ ನುಗ್ಗಿದರು. ಇವನೊಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಯಾರೂ ಇಲ್ಲದ ಜಾಗಕ್ಕೆ. ನನಗೆ ಹುಚ್ಚೇ ಹಿಡಿಯಿತು, ಮುಂದೆ ಹೋಗೋ ಮಂಕೇ ಎಂದು ನಾನು ಅನ್ನುವಷ್ಟರಲ್ಲಿ “ಇಕಡೇ ದೇ!” ಎಂದು ಮರಾಠಿಯಲ್ಲಿ ಅವನ ದನಿ ಕೇಳಿತು. ಚೆಂಡು ಆ ಖಾಲಿ ಜಾಗಕ್ಕೇ ಬಂತು, ಅಲ್ಲಿ ಇವನು ಇದ್ದ. ಒದೆಯಲೂ ಇಲ್ಲ, ಮಲಗಿದ ಮಗುವನ್ನು ಪಕ್ಕಕ್ಕೆ ಸರಿಸುವ ಹಾಗೆ ಪಾದದಿಂದ ಸರಿಸಿದ. ಗೋಲು ಕಾಯುವವನು ಎಡಕ್ಕೆ ಹಾರಿದ್ದ, ಚೆಂಡು ಬಲಕ್ಕೆ ಹೋಗಿ ಬಲೆಯಲ್ಲಿ ಕೂತಿತು.

ಇನ್ನೂ ಖಾಲಿಯಾಗಿರದ ಜಾಗ ಖಾಲಿಯಾಗುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಯಿತು? ಎಂಬತ್ತು ನಿಮಿಷ ಅವನು ಅಡ್ಡಾಡಿದ್ದು ಅದನ್ನೇ ಹುಡುಕುತ್ತಾ ಇರಬೇಕು. ಸಂತೆಯಂಥ ಆ ಗದ್ದಲದಲ್ಲಿ ಒಬ್ಬನೇ ಒಬ್ಬ ಮನುಷ್ಯ ಚೆಂಡಿನ ಮಾತು ಕೇಳಿಸಿಕೊಳ್ಳುತ್ತಿದ್ದ.

“ಒಳಗ ಹೋತೇನ್ರಿ?” ಎಂದಳು ಗೌರವ್ವ, ಗೋಡೆಯನ್ನೇ ನೋಡುತ್ತಾ.

“ಹೋಯಿತು ಮಾರಾಯ್ತೀ, ಹೋಯಿತು!” ನಾನು ಎದ್ದು ನಿಂತಿದ್ದೆ. ಬಿಡಿಸಿದ ಸೊಪ್ಪೆಲ್ಲ ಮೆಟ್ಟಿಲಿನ ಮೇಲೆ.

ಆಟ ಮುಗಿದ ಮೇಲೆ ಸೋತ ಟೀಮಿನವರೇ ಬಂದು ಅವನ ಭುಜ ಮುಟ್ಟಿ ಹೋದರು. ಅವರಲ್ಲಿ ಮೂವರು ಹಿಂದೆ ಬೇರೆ ಬೇರೆ ಊರಲ್ಲಿ ಅವನ ಜೊತೆ ಆಡಿದವರಂತೆ. ಅದನ್ನು ನೋಡುತ್ತಾ ನನಗೆ ಕ್ಲಬ್ಬಿನ ಒಂದು ಸಂಗತಿ ನೆನಪಾಯಿತು. ಒಳ್ಳೆಯ ಕೈಯಿರುವ ಅಡಿಗೆಯವನು ನಮ್ಮ ಧಂದೆಯಲ್ಲಿ ಒಂದು ಕಡೆ ಉಳಿಯುವುದೇ ಇಲ್ಲ, ಉಳಿಯಲು ಬಿಡುವುದಿಲ್ಲ. ನಮ್ಮ ಯಜಮಾನರೇ ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೇರೆ ಕ್ಲಬ್ಬಿನ ಸಾಂಬಾರಿನವನನ್ನು ಎಗರಿಸಿಕೊಂಡು ಬಂದಿದ್ದರು, ವರ್ಷದೊಳಗೆ ಅವನನ್ನು ದಾದರಿನವರು ಎಗರಿಸಿದರು. ದೋಸೆ ಸಂಜೀವ ಇಪ್ಪತ್ತಾರು ವರ್ಷ ಉಳಿದದ್ದು ನಿಜ. ಅವನ ದೋಸೆ, ಸತ್ಯ ಹೇಳಬೇಕೆಂದರೆ, ಚರ್ಮ.

ನಾನು ಬಗ್ಗಿ ಸೊಪ್ಪು ಆರಿಸುತ್ತಾ ಹೇಳಿದೆ, “ಗೌರವ್ವ, ಕೋಪರಿಯಲ್ಲಿ ಮನೆ ಇಲ್ಲ ಅಂದವಳು ನಾನೇ. ಈಗ ಉಂಟು.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನನ್ನ ಮಗಗ ಪೊಲೀಸ್ರ ಸುದ್ದಿ ಕೇಳಿದಾಕಿ ನೀವೇನು?”

“ಹೌದು.”

“ಇರ್ಲಿ. ಆದ್ರ ನಾ ನೋಡದs ಮನಿ ಹಿಡಿಯಾಕಿ ಅಲ್ಲರಿ. ಹನ್ನೊಂದು ಊರಾಗ ಮನಿ ನೋಡೀನಿ. ನಾಳೆ ಮುಂಜಾನೆ ಬರ್ತೀನಿ. ಸೇರಿದ್ರ ಇರ್ತೀನಿ.”

ಚಾಳು ಬಿಡಲು ಒಂದೇ ದಿನ ಉಳಿದವಳು ಆಡಿದ ಮಾತು ಇದು. ಕಾದು ಜಾಗ ಆರಿಸುವುದನ್ನು ಮಗ ಎಲ್ಲಿಂದ ಕಲಿತ ಎಂದು ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು ಎದುರಿನ ಖೋಲಿಯ ಬೀಗ ತೆಗೆದೆ. ಬಚ್ಚಲು ತಿಕ್ಕಿದೆ, ಕಿಟಕಿಯ ಸರಳು ಒಂದೊಂದಾಗಿ ಒರೆಸಿದೆ, ಸೋರುವ ನಲ್ಲಿಗೆ ಬಟ್ಟೆ ಬಿಗಿದೆ. ಎಂಟಕ್ಕೆ ಕೆಳಗೆ ಸಾಮಾನಿನ ಟೆಂಪೋ ನಿಂತಿತು. ಶರಣು ಇಳಿಯದೆ ಮುಂದಿನ ಸೀಟಿನಲ್ಲೇ ಕೂತಿದ್ದ, ಅಪ್ಪಣೆ ಬರಬೇಕಲ್ಲ. ಗೌರವ್ವ ಮೇಲೆ ಬಂದು ನಲ್ಲಿ ತಿರುಗಿಸಿದಳು, ನನ್ನ ಬಟ್ಟೆ ಬಿಚ್ಚಿ ಕೈಗೆ ಕೊಟ್ಟಳು, ಅಡಿಗೆ ಕಟ್ಟೆಯನ್ನು ಬೆರಳಿನಿಂದ ಸವರಿ ಬೆರಳು ನೋಡಿಕೊಂಡಳು. ಕಿಟಕಿಯಿಂದ ಮಗನಿಗೆ ಕೈ ಬೀಸಿ ಕರೆದು, ನನ್ನ ಕಡೆ ತಿರುಗಿದಳು.

“ನೀವು ಎಷ್ಟು ವರ್ಷ ಆತ್ರಿ ಇಲ್ಲಿ?”

“ಈ ಮನೆಗೆ ಬಂದು ನಲವತ್ತಾರು” ಎಂದೆ, ಸ್ವಲ್ಪ ಜಂಬದಿಂದಲೇ.

“ಅಷ್ಟೂ ಇದs ಬಿಲ್ಡಿಂಗಿನ್ಯಾಗ?” ಅವಳ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. “ಯಾರೂ ಕರೀಲೇ ಇಲ್ಲೇನ್ರಿ, ಪಾಪ?”

ನಾನು ಒದ್ದೆ ಬಟ್ಟೆಯನ್ನು ಹಿಂಡಿ, ಕೀಲಿಕೈ ಅವಳ ಕೈಗಿಟ್ಟು, ಸಾಮಾನು ಹೊರಲು ಕೆಳಗಿಳಿದೆ.